ಪ್ಯಾಕೆಟ್ಟಿನ ಬೆನ್ನ ಮೇಲಿದ್ದ ಹೆಸರು

ಚಹಾಪುಡಿ ಪ್ಯಾಕೆಟ್ಟಿನ ಹಿಂಭಾಗವನ್ನು ಯಾರಾದರೂ ಓದುತ್ತಾರಾ? ನಾನಂತೂ ಓದುವವಳಲ್ಲ. ಆದರೆ ಹೋದ ಭಾನುವಾರದ ಹಿಂದಿನ ಭಾನುವಾರ ನಮ್ಮ ಬಿಲ್ಡಿಂಗಿನ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗೆ ನಾನೊಬ್ಬಳೇ. ಮೊಬೈಲನ್ನು ಮನೆಯಲ್ಲಿ ಚಾರ್ಜಿಗೆ ಹಾಕಿ ಬಂದಿದ್ದೆ. ಓದುವುದಕ್ಕೆ ಇದ್ದದ್ದು ಕೈಯಲ್ಲಿದ್ದ ಕಾಲು ಕಿಲೋ ಚಹಾಪುಡಿ ಮಾತ್ರ.

ಓದಿದೆ. ಎಲ್ಲಕ್ಕಿಂತ ಕೆಳಗೆ, ಇರುವೆಗಳು ಸಾಲುಗಟ್ಟಿದಂಥ ಇಂಗ್ಲಿಷ್ ಅಕ್ಷರಗಳಲ್ಲಿ, ಒಂದು ದೊಡ್ಡ ಕಂಪನಿಯ ಹೆಸರಿತ್ತು.

ಸ್ವಲ್ಪ ಹೊತ್ತಿಗೆ ಲಿಫ್ಟು ಹೊರಟಿತು. ನಾನು ಮಾತ್ರ ಸಿಕ್ಕಿಹಾಕಿಕೊಂಡೆ.

ಯಾಕೆಂದರೆ ಆ ಪ್ಯಾಕೆಟ್ ನನ್ನದಲ್ಲ. ಐದನೆಯ ಮಹಡಿಯ ಗಂಗಕ್ಕನದು. ಮೊಣಕಾಲು ನೋವು, ಕೆಳಗಿನ ಅಂಗಡಿಯಿಂದ ತಂದುಕೊಡಿ ಎಂದು ಅವರೇ ಹೇಳಿದ್ದರು. ಆ ಕಂಪನಿಯ ಚಹಾ ತನ್ನ ಮನೆಯ ಹೊಸ್ತಿಲು ದಾಟಬಾರದು ಎಂದು ಗಂಗಕ್ಕ ಹಟ ಹಿಡಿದು ಇಪ್ಪತ್ತು ವರ್ಷಗಳ ಮೇಲಾಗಿದೆ. ಅದಕ್ಕೆ ಬದಲಾಗಿ ಇಷ್ಟು ವರ್ಷ ಕುಡಿಯುತ್ತಾ ಬಂದದ್ದು ಈ ಪ್ಯಾಕೆಟ್ಟಿನ ಚಹಾ. ಈಗ ಇದರ ಬೆನ್ನ ಮೇಲೆ ಆ ಕಂಪನಿಯ ಹೆಸರು!

ಗಂಗಕ್ಕನ ಬಗ್ಗೆ ಹೇಳಬೇಕು. ಎಪ್ಪತ್ತರ ಹತ್ತಿರದವರು. ವಿಜಯಪುರದ ಕಡೆಯವರು, ಮದುವೆಯಾಗಿ ಮುಂಬಯಿಗೆ, ಕುರ್ಲಾದ ಚಾಳಿನ ಒಂದು ಕೋಣೆಗೆ ಬಂದವರು. ಮಕ್ಕಳಿಲ್ಲ. ಗಂಡ ತೀರಿಕೊಂಡ ಮೇಲೆ, ಚಾಳು ಒಡೆದ ಮೇಲೆ, ವಿಕ್ರೋಳಿಯ ನಮ್ಮ ಬಿಲ್ಡಿಂಗಿಗೆ ಬಂದರು. ನಾನು ಮೂರನೆಯ ಮಹಡಿ. ಧಾರವಾಡದವಳು, ಫೋರ್ಟ್‌ನಲ್ಲಿ ಇನ್ಶೂರೆನ್ಸ್ ಆಫೀಸು, ಮನೆಯಲ್ಲಿ ಒಬ್ಬಳೇ. (ಈ ಅಂಕಣ ಓದುವವರಿಗೆ ನನ್ನ ಪುಟ್ಟ ಕುಕ್ಕರು, ಅದರ ಎರಡು ಸೀಟಿ ಎಲ್ಲಾ ಗೊತ್ತೇ ಇದೆ.)

ಪ್ರತಿ ಭಾನುವಾರ ನಾಲ್ಕು ಗಂಟೆಗೆ ಗಂಗಕ್ಕನ ಮನೆಯಲ್ಲಿ ಚಹಾ. ಎರಡು ವರ್ಷದಿಂದ ತಪ್ಪಿಲ್ಲ. ಅದರಲ್ಲೇನು ವಿಶೇಷ ಅನ್ನುತ್ತೀರಾ? ಶನಿವಾರ ಸಂಜೆ ಸ್ಟೇಷನ್ನಿನಿಂದ ಬಂದು ಬಾಗಿಲು ಹಾಕಿಕೊಂಡರೆ ಮರುದಿನ ನಾಲ್ಕರವರೆಗೆ ನನ್ನ ಬಾಯಿಂದ ಒಂದು ಶಬ್ದ ಹೊರಡುವುದಿಲ್ಲ. ಒಮ್ಮೆ ಭಾನುವಾರ ಬೆಳಿಗ್ಗೆ ಹಾಲಿನವನು ಏನೋ ಕೇಳಿದ. ಉತ್ತರ ಕೊಡಲು ಹೋದರೆ ಬರೀ ಗಾಳಿ ಬಂತು. ವಾರವಿಡೀ ಲೋಕಲ್ ಟ್ರೇನಿನಲ್ಲಿ ಮೂವರು ಹೆಂಗಸರ ಮೊಣಕೈ ಪಕ್ಕೆಗೆ ಚುಚ್ಚಿಸಿಕೊಂಡು ಓಡಾಡುತ್ತೇನೆ. ಅವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ.

ಮೊದಲ ಸಲ ಅವರ ಮನೆಗೆ ಹೋದಾಗ ಬರಿಗೈಯಲ್ಲಿ ಹೋಗಬಾರದು ಎಂದು ಒಂದು ಒಳ್ಳೆಯ ಚಹಾಪುಡಿ ಪ್ಯಾಕೆಟ್ ಒಯ್ದಿದ್ದೆ. ಗಂಗಕ್ಕ ಅದನ್ನು ಎರಡು ಬೆರಳಲ್ಲಿ ಹಿಡಿದು ಬಾಗಿಲ ಹೊರಗೆ, ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟರು.

"ನೀವು ಒಳಗ ಬರ್ರಿ, ಬಾಯಾರ. ಅದು ಹೊರಗ ಇರ್ಲಿ."

ನನಗೆ ಅವಮಾನ. ಮೇಲಾಗಿ ಕುತೂಹಲ. ಚಹಾ ಕುದಿಯುವಷ್ಟರಲ್ಲಿ ಕತೆ ಬಂತು.

ನಾನು ಒಯ್ದ ಆ ಚಹಾ ಮಾಡುವ ಕಂಪನಿಯ ಪ್ಯಾಕಿಂಗ್ ವಿಭಾಗದಲ್ಲಿ ಗಂಗಕ್ಕ ಹದಿನೆಂಟು ವರ್ಷ ದುಡಿದಿದ್ದರು. ಒಂದು ಸೋಮವಾರ ಹೋದರೆ ಗೇಟಿಗೆ ಬೀಗ.

"ಒಂದು ಕಾಗದಾ ಹಚ್ಚಿದ್ರು, ಇಂಗ್ಲಿಷಿನ್ಯಾಗ. ನಮ್ಮಾಗ ಒಬ್ಬಾಕಿಗೂ ಓದಾಕ ಬರ್ತಿದ್ದಿಲ್ಲ. ಸಖೂ ಓಡಿ ಹೋಗಿ ಪಾನ್ ಅಂಗಡಿಯಂವನ್ನ ಕರಕೊಂಡು ಬಂದ್ಲು. ಅಂವಾ ಓದಿ ಹೇಳಿದಾ, ಕಾರ್ಖಾನಿ ಬಂದ್ ಆತು ಅಂತ."

ಸಖೂ ಅಂದರೆ ಸಖೂಬಾಯಿ. ಪಕ್ಕದ ಸ್ಟೂಲಿನ ಮರಾಠಿ ಗೆಳತಿ.

"ನನ್ನ ಡಬ್ಬಿ ಒಳಗ ಉಳೀತ್ರಿ. ಶನಿವಾರ ಮರತು ಬಿಟ್ಟು ಬಂದಿದ್ದೆ. ಸ್ಟೀಲಿನ ಡಬ್ಬಿ, ನಮ್ಮವ್ವ ಹೆಸರು ಕೊರಿಸಿ ಕೊಟ್ಟಿದ್ಲು. ಆರು ತಿಂಗಳು ಅಡ್ಡಾಡಿದೆ. ಒಳಗ ಬಿಡಲೇ ಇಲ್ಲ. ಬರಬೇಕಾದ ರೊಕ್ಕಾ ಎಲ್ಲಾ ಕೊಟ್ರು. ಡಬ್ಬಿ ಕೊಡಲಿಲ್ಲ."

ಆವತ್ತು ಆ ಗೇಟಿನ ಮುಂದೆ ಹನ್ನೊಂದು ಹೆಂಗಸರು ಆಣೆ ಮಾಡಿದರಂತೆ, ಇವರ ಚಹಾ ಇನ್ನು ಕುಡಿಯುವುದಿಲ್ಲ ಎಂದು. ಮೈಕಿಲ್ಲ, ಬ್ಯಾನರಿಲ್ಲ, ಪೇಪರಿನವರಿಲ್ಲ. ಹಾಗಾದರೆ ಕುಡಿಯುವುದೇನು? ಕುರ್ಲಾ ಬಾಜಾರಿನಲ್ಲಿ ಒಬ್ಬ ಮುದುಕ ತಾನೇ ಚಹಾಪುಡಿ ಬೆರೆಸಿ, ತನ್ನ ಹೆಂಡತಿಯ ಫೋಟೋ ಅಚ್ಚು ಹಾಕಿಸಿದ ಪೊಟ್ಟಣದಲ್ಲಿ ಮಾರುತ್ತಿದ್ದ. ತಿಂಗಳ ಮೊದಲ ಭಾನುವಾರ ಹನ್ನೊಂದು ಮಂದಿಯೂ ಅಲ್ಲಿ ಸೇರುವುದು. ಮುದುಕ ಎಲ್ಲರಿಗೂ ಅರ್ಧರ್ಧ ಗ್ಲಾಸು ಚಹಾ ಕೊಡುವುದು. ಆಮೇಲೆ ಮಧ್ಯಾಹ್ನದವರೆಗೆ ಅಲ್ಲೇ ನಿಂತು ಮಾತು.

"ಚಹಾ ಒಂದು ನೆವಾ ಇತ್ರಿ," ಎಂದರು ಗಂಗಕ್ಕ.

ಹನ್ನೊಂದು ಎಂಟಾಯಿತು. ಒಬ್ಬರು ಸಾತಾರಾದ ಊರಿಗೆ ಹೊರಟುಹೋದರು, ಇಬ್ಬರು ತೀರಿಕೊಂಡರು. ಎಂಟು ನಾಲ್ಕಾಯಿತು. ಸಖೂಬಾಯಿ ಬದ್ಲಾಪುರದ ಮಗಳ ಮನೆಗೆ ಹೋದರು. ಕಡೆಗೆ ಗಂಗಕ್ಕ ಒಬ್ಬರೇ ಹೋಗಿ ಕಾಲು ಕಿಲೋ ತಂದುಕೊಳ್ಳುತ್ತಿದ್ದರು. ಮುದುಕನೂ ಹೋದ. ಅವನ ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಆದರೆ ಆಶ್ಚರ್ಯ ನೋಡಿ, ಅವನ ಚಹಾ ಮಾತ್ರ ಕುರ್ಲಾ ಬಿಟ್ಟು ವಿಕ್ರೋಳಿಯ ಅಂಗಡಿಗೂ ಬಂತು. ಗಂಗಕ್ಕನಿಗೆ ಅದೊಂದು ಹೆಮ್ಮೆ. ತಮ್ಮ ಹನ್ನೊಂದು ಮಂದಿಯ ಗಿರಾಕಿಯಿಂದಲೇ ಮುದುಕ ಬೆಳೆದ ಎಂಬ ನಂಬಿಕೆ.

ನಾನೂ ಬಹಿಷ್ಕಾರ ಮಾಡಿದವಳೇ. ನಮ್ಮ ಬಿಲ್ಡಿಂಗಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ತಿಂಗಳಿಗೊಂದು ಬಹಿಷ್ಕಾರ. ಒಮ್ಮೆ ಒಂದು ಕೋಲಾ, ಒಮ್ಮೆ ಒಂದು ಶೂ ಕಂಪನಿ, ಒಮ್ಮೆ ಪರದೇಶದ ದೀಪದ ಸರ. ಎಲ್ಲರೂ ಹೆಬ್ಬೆರಳು ಎತ್ತುತ್ತಾರೆ. ನಾನೂ ಎತ್ತುತ್ತೇನೆ. ಹತ್ತು ದಿನಕ್ಕೆ ಸೊಸೈಟಿಯ ಪೂಜೆಯಲ್ಲಿ ಅದೇ ಕೋಲಾ ಹಂಚುತ್ತಾರೆ. ನಾನೂ ಕುಡಿಯುತ್ತೇನೆ.

ಒಂದೇ ಒಂದು ಸಲ ಸ್ವಂತ ಸಿಟ್ಟಿನಿಂದ ಒಂದು ಡೆಲಿವರಿ ಆ್ಯಪ್ ಬಿಟ್ಟಿದ್ದೆ. ಮೊಟ್ಟೆ ಒಡೆದು ಬಂದಿತ್ತು. ಕಂಪ್ಲೇಂಟ್ ಬರೆದರೆ ಅಲ್ಲಿನ ಯಂತ್ರ, 'ನಿಮ್ಮ ಭಾವನೆ ನಮಗೆ ಅರ್ಥವಾಗುತ್ತದೆ' ಎಂದು ಉತ್ತರ ಕೊಟ್ಟಿತು. ಮೈ ಉರಿಯಿತು. (ಆ ವಾರ ನನಗೆ ಹಾಗೆಂದು ಹೇಳಿದ್ದು ಅದೊಂದೇ ಎಂಬುದು ಬೇರೆ ಮಾತು.) ಎಂಟನೆಯ ದಿನ ಮತ್ತೆ ಅದೇ ಆ್ಯಪ್. ಕೆಳಗಿನ ಅಂಗಡಿಯಲ್ಲಿ ಒಬ್ಬರಿಗೆ ಸಾಕಾಗುವ ಸಣ್ಣ ಬ್ರೆಡ್ ಸಿಗುವುದಿಲ್ಲ.

ಇನ್ನೊಂದು ತಪ್ಪೊಪ್ಪಿಗೆ. ಗಂಗಕ್ಕ ಬಿಟ್ಟ ಆ ಕಂಪನಿಯ ಚಹಾ ನನ್ನ ಅಡುಗೆಮನೆಯಲ್ಲಿ ಇವತ್ತಿಗೂ ಇದೆ. ರುಚಿ ಚೆನ್ನಾಗಿದೆ, ಏನು ಮಾಡಲಿ?

ಸರಿ, ಲಿಫ್ಟಿಗೆ ಬರೋಣ. ಐದನೆಯ ಮಹಡಿ ಬಂತು. ಬಾಗಿಲು ತೆರೆದೇ ಇತ್ತು. ಗಂಗಕ್ಕ ನೀರು ಕುದಿಯಲು ಇಟ್ಟು ಕಾಯುತ್ತಿದ್ದರು. ಪ್ಯಾಕೆಟ್ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು.

"ಪ್ಯಾಕೀಟ್ ಚಂದ ಮಾಡ್ಯಾರಲ್ರಿ! ಮುದುಕನ ಹೆಂಡ್ತೀನೂ ಸಣ್ಣಾಕಿ ಆಗ್ಯಾಳ." ನಕ್ಕರು. ಆಮೇಲೆ ಹಿಂದುಗಡೆ ತಿರುಗಿಸಿ ನನ್ನ ಕಡೆ ಚಾಚಿದರು. "ಬಾಳ ಬರದಾರಲ್ಲಾ ಇಲ್ಲೆ. ಏನಂತ, ಓದ್ರಿ."

ಇದು ಹೊಸದಲ್ಲ. ಕರೆಂಟ್ ಬಿಲ್ಲು, ಬ್ಯಾಂಕಿನ ಮೆಸೇಜು, ಔಷಧಿಯ ಚೀಟಿ, ಎಲ್ಲ ಇಂಗ್ಲಿಷನ್ನೂ ಅವರಿಗೆ ಓದಿ ಹೇಳುವವಳು ನಾನೇ. ಅವರು ಒಂದು ಸಲವೂ ನಾನು ಓದಿದ್ದನ್ನು ಇನ್ನೊಬ್ಬರಿಗೆ ತೋರಿಸಿ ಖಾತ್ರಿ ಮಾಡಿಕೊಂಡವರಲ್ಲ.

ನಾನು ಓದಿದೆ. "ತಂಪು ಜಾಗದಾಗ ಇಡ್ರಿ ಅಂತ ಬರದಾರ, ಗಂಗಕ್ಕ."

"ಅಷ್ಟ?"

"ಅಷ್ಟರಿ."

ಹಾಗೆಂದು ಬರೆದಿದ್ದದ್ದೂ ನಿಜ. ಅದರ ಎರಡು ಸಾಲು ಕೆಳಗೆ ಇದ್ದದ್ದನ್ನು ನಾನು ಬಿಟ್ಟೆ. ವಯಸ್ಸಾದ ಜೀವ, ಮನಸ್ಸು ನೋಯಬಾರದು ಎಂದು ಬಿಟ್ಟೆ ಅಂತ ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ನಿಮಗೆ ಸುಳ್ಳು ಹೇಳಿ ಏನು ಮಾಡಲಿ? ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಎರಡು ಕಪ್ಪು ತೊಳೆದಿಟ್ಟಿದ್ದರು. ಈ ಹೆಸರನ್ನು ಓದಿದರೆ ಒಲೆ ಆರುತ್ತದೆ, ನನ್ನ ಭಾನುವಾರ ಮುಗಿಯುತ್ತದೆ ಎಂದು ಹೆದರಿದೆ. ಅಷ್ಟೇ.

ಚಹಾ ಕುಡಿದೆವು. ಗಂಗಕ್ಕ ಕಪ್ಪಿನಿಂದ ಬಸಿಗೆ ಸುರಿದುಕೊಂಡು, ಆರಿಸಿಕೊಂಡು, ಖುಷಿಯಾಗಿ ಕುಡಿದರು. ನಾನು ಅವರ ಮುಖ ನೋಡದೆ ಕುಡಿದೆ.

ಬುಧವಾರ ಸಂಜೆ ಲೋಕಲ್‌ನಲ್ಲಿ ನಿಂತಿದ್ದಾಗ ಫೋನ್ ಬಂತು. ಗಂಗಕ್ಕ. ಅವರು ಫೋನ್ ಮಾಡುವುದೇ ಅಪರೂಪ.

"ಸಖೂಗ ಫೋನ್ ಹಚ್ಚಿದ್ದೆ, ಬಾಯಾರ. ನಮ್ಮ ಚಹಾದ್ದು ಹೊಸಾ ಪ್ಯಾಕೀಟ್ ಬಂದದ, ನೀನೂ ತರಸು ಅಂದೆ. ಆಕಿ ಮನ್ಯಾಗೂ ಅದ ಇತ್ತಂತ. ಆಕಿ ಮಗಳು ಹಿಂದಿಂದು ಎಲ್ಲಾ ಓದಿ ಹೇಳಿದ್ಲು."

ಗಾಡಿ ಕುರ್ಲಾದಲ್ಲಿ ನಿಂತಿತು. ಜನ ನುಗ್ಗಿದರು. ಯಾರದೋ ಬ್ಯಾಗು ಬೆನ್ನಿಗೆ ಒತ್ತಿತು.

"ನೀವೂ ಓದಿದ್ರಿ," ಎಂದರು. ಪ್ರಶ್ನೆಯಾಗಿರಲಿಲ್ಲ.

"ಹೂಂ," ಅಂದೆ.

"ಆತು ಬಿಡ್ರಿ."

ಫೋನ್ ಇಟ್ಟರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಆಫೀಸು ಬಿಟ್ಟವಳು ಫೋರ್ಟ್‌ನ ಒಂದು ಹಳೆಯ ಅಂಗಡಿ ಹುಡುಕಿಕೊಂಡು ಹೋದೆ. ಡಬ್ಬದಿಂದ ತೆಗೆದು ತೂಗಿ ಕೊಡುವ ಬಿಡಿ ಚಹಾಪುಡಿ. ಹೆಸರಿಲ್ಲ, ಫೋಟೋ ಇಲ್ಲ, ಕಂದು ಕಾಗದದ ಪೊಟ್ಟಣ. ಬಹಿಷ್ಕಾರಕ್ಕೆ ಹೇಳಿ ಮಾಡಿಸಿದ ಪರ್ಯಾಯ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು ಗಂಗಕ್ಕನ ಬೆಲ್ ಒತ್ತಿದೆ. ಬಾಗಿಲು ತೆಗೆದರು. ಬಾಗಿಲಲ್ಲೇ ನಿಂತರು.

"ಇದು ಖುಲ್ಲಾ ಚಹಾರಿ, ಗಂಗಕ್ಕ. ಯಾವ ಕಂಪನೀದೂ ಅಲ್ಲ."

ಪೊಟ್ಟಣ ನೋಡಿದರು. "ಇದನ್ನ ಯಾರು ಮಾಡ್ಯಾರ?"

"ಗೊತ್ತಿಲ್ರಿ."

"ಗೊತ್ತಿದ್ರ ಹೇಳ್ತಿದ್ರೇನು?"

ದನಿ ಏರಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ಇಪ್ಪತ್ತೆಂಟು ವರ್ಷ ಇನ್ಶೂರೆನ್ಸ್ ಕೆಲಸ ಮಾಡಿದವಳು ನಾನು. ಸಣ್ಣ ಅಕ್ಷರ ಓದದೆ ಸಹಿ ಹಾಕಿದವರಿಗೆ, 'ಬರೆದಿತ್ತಲ್ಲ, ನೀವೇ ನೋಡಬೇಕಿತ್ತು' ಎಂದು ಎಷ್ಟು ಸಲ ಹೇಳಿದ್ದೇನೋ. ಓದಲಾಗದವರ ಎದುರು ನಿಂತು ಬಾಯಿ ಮುಚ್ಚಿಕೊಂಡದ್ದು ಇದೇ ಮೊದಲು.

"ತಪ್ಪಾತ್ರಿ," ಅಂದೆ.

"ಕಾಲು ನೋಯಾಕ ಹತ್ಯಾವ. ನಾ ಅಡ್ಡಾಗ್ತೀನಿ," ಎಂದು ಬಾಗಿಲು ಮುಂದೆ ಮಾಡಿಕೊಂಡರು. ಪೊಟ್ಟಣ ನನ್ನ ಕೈಯಲ್ಲೇ ಉಳಿಯಿತು.

ಒಂದು ಬ್ರ್ಯಾಂಡ್ ಬಿಟ್ಟು ಇನ್ನೊಂದಕ್ಕೆ ಹೋಗುತ್ತೇವೆ. ಆ ಇನ್ನೊಂದನ್ನೂ ಮೊದಲಿನವನೇ ಸದ್ದಿಲ್ಲದೆ ಕೊಂಡುಕೊಂಡಿರುತ್ತಾನೆ. ಅಪ್ಪನ ಮೇಲೆ ಮುನಿದು ಮಗನ ಅಂಗಡಿಗೆ ಹೋದ ಹಾಗೆ. ನಮ್ಮ ಸಿಟ್ಟೂ ಅವರಿಗೆ ವ್ಯಾಪಾರವೇ. ಇದನ್ನು ಯಾವ ಆರ್ಥಿಕ ಪಂಡಿತರಾದರೂ ಹೇಳಿಯಾರು. ಆದರೆ ಗಂಗಕ್ಕನ ಬಹಿಷ್ಕಾರ ಕಂಪನಿಗೆ ನಷ್ಟ ಮಾಡಲು ಹುಟ್ಟಿದ್ದಾಗಿರಲಿಲ್ಲ. ಅವರ ಹನ್ನೊಂದು ಮಂದಿ ಕುಡಿಯದಿದ್ದರೆ ಆ ಕಂಪನಿಗೆ ಗೊತ್ತೂ ಆಗುತ್ತಿರಲಿಲ್ಲ. ಹನ್ನೊಂದರಲ್ಲಿ ಒಬ್ಬಳಾಗಿ ಉಳಿಯಲು ಅವರಿಗೆ ಸಿಕ್ಕಿದ್ದು ಅದೊಂದೇ ದಾರಿ. ಇದೆಲ್ಲ ಗೊತ್ತಿದ್ದೂ ನಾನು ಎರಡು ಸಾಲು ಬಿಟ್ಟು ಓದಿದೆ.

ಮೊನ್ನೆ ಭಾನುವಾರ ನಾಲ್ಕಕ್ಕೆ ಮತ್ತೆ ಹೋದೆ. ಮೆಟ್ಟಿಲು ಹತ್ತಿಯೇ ಹೋದೆ. ಬಾಗಿಲಿಗೆ ಬೀಗ. ಎದುರು ಮನೆಯವರು ಹಿಂದಿಯಲ್ಲಿ ಹೇಳಿದರು, ಶನಿವಾರವೇ ರಿಕ್ಷಾ ಮಾಡಿಕೊಂಡು ಸ್ಟೇಷನ್ನಿಗೆ ಹೋದರಂತೆ, ಬಟ್ಟೆಯ ಚೀಲವೂ ಇತ್ತಂತೆ. ಆ ಮೊಣಕಾಲಿನಲ್ಲಿ! ನನಗೆ ಗಾಬರಿ. ಅಲ್ಲೇ ನಿಂತು ಫೋನ್ ಮಾಡಿದೆ.

"ಸಖೂನ ಮನ್ಯಾಗ ಅದೀನ್ರಿ, ಬದ್ಲಾಪುರದಾಗ," ಎಂದರು. ದನಿ ಬೇರೆಯೇ ಆಗಿತ್ತು, ಹತ್ತು ವರ್ಷ ಸಣ್ಣದಾಗಿತ್ತು. "ಆರು ವರ್ಷ ಆತು ಆಕೀನ ನೋಡದ. ಇಬ್ರೂ ಕುಂತು ಮಾತಾಡಿದ್ವಿ. ಚಹಾನ ಬಿಟ್ಟಬಿಡೂದು ಅಂತ ಆತು. ಶುಂಠಿ ಕಷಾಯ ಮಾಡ್ಯಾಳ, ಚಲೋ ಆಗ್ಯದ."

ಹಿಂದಿನಿಂದ ಯಾರೋ "ಗಂಗೂ, ಲವಕರ್ ಯೇ!" ಎಂದು ಕೂಗಿದರು. ಬೇಗ ಬಾ ಎಂದು. ಗಂಗಕ್ಕನನ್ನು ಗಂಗೂ ಎಂದು ಕರೆಯುವವರು ಈ ಊರಿನಲ್ಲಿ ಇನ್ನೂ ಒಬ್ಬರು ಇದ್ದಾರೆ ಎಂದು ಕೇಳಿ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು.

"ಯಾವಾಗ ಬರ್ತೀರಿ, ಗಂಗಕ್ಕ?"

"ನೋಡೋಣ್ರಿ."

ನೋಡೋಣ ಅಂದರೆ ಏನು ಎಂದು ಮುಂಬಯಿಯಲ್ಲಿ ಇದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಬಿಲ್ಡಿಂಗ್ ಗ್ರೂಪಿನಲ್ಲಿ ಇವತ್ತು ಹೊಸ ಬಹಿಷ್ಕಾರ ಬಂದಿದೆ, ಯಾವುದೋ ಸೋಪಿನದು. ಬದಲಿಗೆ ಕೊಳ್ಳಬೇಕಾದ ಸೋಪುಗಳ ಪಟ್ಟಿಯೂ ಜೊತೆಗಿದೆ. ಹೆಬ್ಬೆರಳು ಎತ್ತದೆ ಸುಮ್ಮನೆ ಕೂತಿದ್ದೇನೆ. ತಪ್ಪು ನನ್ನದೋ ಕಂಪನಿಯದೋ ಎಂದು ನಾನು ನಿಮ್ಮನ್ನು ಕೇಳುತ್ತಿಲ್ಲ.

ಈ ಭಾನುವಾರ ನಾಲ್ಕು ಗಂಟೆಗೆ ಎಲ್ಲಿಗೆ ಹೋಗಲಿ ಎಂದು ಕೇಳುತ್ತಿದ್ದೇನೆ.