ಫೆಲ್ಸಿಬಾಯಿ ಕೊರಳಿಗೆ ಹಾಕಿಕೊಂಡ ಕಾರ್ಡು

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಫೆಲ್ಸಿಬಾಯಿಯನ್ನು ಶಾಲೆಯ ಆಫೀಸಿಗೆ ಕರೆದಿದ್ದಾರೆ. ಅವರ ವೀಸಾ ಆ ಶಾಲೆಯದೇ. ಕೆಲಸ ಹೋದರೆ ಬಹ್ರೇನ್ ಬಿಡಬೇಕು. ಐವತ್ತಾರರ ಹೆಂಗಸಿಗೆ ಇನ್ನೊಂದು ವೀಸಾ ಯಾರು ಕೊಡುತ್ತಾರೆ? ಗುದೈಬಿಯಾದ ಈ ಕೋಣೆಯಲ್ಲಿ ಹನ್ನೊಂದು ವರ್ಷ ಅವರ ಜೊತೆ ಇದ್ದೇನೆ. ಅವರ ಹೆದರಿಕೆ ನನಗೂ ಅಂಟಿದೆ.

ಫೆಲ್ಸಿಬಾಯಿ ಕಿನ್ನಿಗೋಳಿ ಕಡೆಯವರು, ಮನೆಮಾತು ಕೊಂಕಣಿ. ಚಿಕ್ಕಂದಿನಲ್ಲಿ ಬೋರ್ಡಿಂಗ್ ಶಾಲೆಯಲ್ಲಿ ಕೊಂಕಣಿ ಮಾತಾಡಿದ್ದಕ್ಕೆ ಕೊರಳಿಗೆ ಹಲಗೆ ಕಟ್ಟಿ ಅಂಗಳದಲ್ಲಿ ನಿಲ್ಲಿಸಿದ್ದರಂತೆ. ಹೆದರಿ ಲಂಗ ಒದ್ದೆ ಮಾಡಿಕೊಂಡಿದ್ದನ್ನು ನಗುತ್ತಾ ಹೇಳುತ್ತಿದ್ದರು. ನನಗಂತೂ ನಗು ಬರುತ್ತಿರಲಿಲ್ಲ.

ಈಗ ಅವರು ಶಾಲೆಯ ಬಸ್ಸಿನಲ್ಲಿ ಆಯಾ. ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದ ಮಗುವಿನ ಕೊರಳಿಗೆ ಕಾರ್ಡು ಹಾಕಿ ಹೆಸರು ಬರೆದುಕೊಳ್ಳಬೇಕು. ಇನ್ನೊಂದು ಮಗು ಸಿಕ್ಕಿಬೀಳುವ ತನಕ, ಇಳಿಯುವಾಗ ತೆಗೆದಿಟ್ಟು, ಹತ್ತಿದೊಡನೆ ಅದೇ ಕೊರಳಿಗೆ ಮತ್ತೆ ಹಾಕಬೇಕು. ಹಲಗೆ ಹೋಗಿ ಪ್ಲಾಸ್ಟಿಕ್ ಬಂತು, ಮತ್ತೇನು? ಕೇಳಿದರೆ, ಮೇಲಿನವರು ಹೇಳಿದ್ದು, ನಾನೇನು ಮಾಡಲಿ ಎನ್ನುತ್ತಿದ್ದರು.

ಕಳೆದ ವಾರ ಹಮದ್ ಟೌನಿನ ಜುವೈರಿಯಾಳಿಗೆ ಕಾರ್ಡು ಬಿತ್ತು. ಮಂಗಳೂರು ಕಡೆಯ ಬ್ಯಾರಿ ಮುಸ್ಲಿಮರ ಐದು ವರ್ಷದ ಮಗು, ಮನೆಮಾತು ಬ್ಯಾರಿ. ಕಿಟಕಿಯಾಚೆ ಬೆಕ್ಕಿನ ಮರಿ ಕಂಡು ಖುಷಿಯಲ್ಲಿ ಬ್ಯಾರಿಯಲ್ಲಿ ಕೂಗಿತ್ತು, ಅಷ್ಟೇ. ಬೇರೆ ಯಾರೂ ಸಿಕ್ಕಿಬೀಳಲಿಲ್ಲ. ಮೂರು ದಿನ ಹೋಗುವಾಗ, ಬರುವಾಗ ಕಾರ್ಡು ಅದರ ಕೊರಳಲ್ಲೇ ಇತ್ತು. ಗುರುವಾರ ತಾಯಿ ಶಹೀದಾ ಬಸ್ಸಿನ ಬಾಗಿಲಿಗೆ ಬಂದಳು.

“ಬಾಯಿ, ಮಗು ಮನೆಯಲ್ಲೂ ಮಾತಾಡುದಿಲ್ಲ. ಊರಿಂದ ಅಜ್ಜಿ ಫೋನ್ ಮಾಡಿದ್ರೂ ಬಾಯಿ ಬಿಡುದಿಲ್ಲ. ಬಸ್ಸಲ್ಲಿ ಎಂತಾದ್ರೂ ಆಯ್ತಾ?”

ಎಂತದೂ ಇಲ್ಲ ಎಂದುಬಿಟ್ಟರಂತೆ ಫೆಲ್ಸಿಬಾಯಿ. ಮನೆಗೆ ಬಂದು ಅನ್ನ ಕಲಸಿ ಹಾಗೇ ಬಿಟ್ಟರು. ಇಲ್ಲದ ಉಸಾಬರಿ ಬೇಡ, ಎರಡು ದಿನದಲ್ಲಿ ಮಗು ಸರಿಯಾಗುತ್ತದೆ, ಬಾಯಿ ಮುಚ್ಚಿಕೊಂಡಿರಿ ಎಂದೆ ನಾನು. ನನ್ನ ನಾಲಿಗೆ ಬಿದ್ದುಹೋಗಲಿ!

ನಮ್ಮ ಮೇಲಿನ ಮಹಡಿಯ ಒಲಿವಿಯಾ ಅಮ್ಮ ಅಮೆರಿಕದವರು, ನಿವೃತ್ತ ನರ್ಸ್. ಕ್ವೇಕರ್ ಎಂಬ ಕ್ರೈಸ್ತ ಪಂಗಡದವರು. ಅವರ ಪ್ರಾರ್ಥನೆಗೆ ಪಾದ್ರಿ ಬೇಡ, ಹಾಡು ಬೇಡ. ಶುಕ್ರವಾರ ನಾಲ್ಕೈದು ಜನ ಸುತ್ತ ಕೂತು ಒಂದು ಗಂಟೆ ಮೌನವಾಗಿರುತ್ತಾರೆ. ಒಳಗಿನಿಂದ ಒತ್ತಿಬಂದವರು ಎದ್ದು ನಾಲ್ಕು ಮಾತು ಹೇಳುತ್ತಾರೆ. ಈ ಶುಕ್ರವಾರ ನೀರುದೋಸೆ ಕೊಡಲು ಹೋದ ನಮ್ಮಿಬ್ಬರನ್ನೂ ಕೂರಿಸಿಕೊಂಡರು.

ಇದು ಶಿಕ್ಷೆಯೆಂದೇ ಫೆಲ್ಸಿಬಾಯಿ ತಿಳಿದರು. ಬೋರ್ಡಿಂಗಿನಲ್ಲಿ ತಪ್ಪು ಮಾಡಿದವಳು ಒಪ್ಪಿಕೊಳ್ಳುವ ತನಕ ಎಲ್ಲರನ್ನೂ ಹೀಗೇ ಕೂರಿಸುತ್ತಿದ್ದರಂತೆ. ಯಾರೋ ಕೆಮ್ಮಿದರೂ ಬೆಚ್ಚಿಬೀಳುತ್ತಿದ್ದರು.

ಆಗ ಒಲಿವಿಯಾ ಅಮ್ಮ ಎದ್ದರು. ಯುದ್ಧ ಬೇಡ, ಎಲ್ಲರೂ ಸಮಾನರು ಎನ್ನುವ ಜನ ನಾವು ಕ್ವೇಕರರು. ಆದರೂ ಅಮೆರಿಕದ ಮೂಲನಿವಾಸಿ ಮಕ್ಕಳನ್ನು ‘ತಿದ್ದುವ’ ಶಾಲೆಗಳನ್ನು ನಾವೂ ನಡೆಸಿದೆವು ಎಂದರು. ಅಲ್ಲಿ ಮಕ್ಕಳ ಜಡೆ ಕತ್ತರಿಸಿದರು, ಹೆಸರು ಬದಲಿಸಿದರು, ಮನೆಮಾತು ಆಡಿದರೆ ಶಿಕ್ಷೆ ಕೊಟ್ಟರು. ಅಂಥದೊಂದು ಶಾಲೆಯಲ್ಲಿ ಅವರ ಅಜ್ಜಿ ಟೀಚರ್ ಆಗಿದ್ದರಂತೆ.

“ನನ್ನ ಅಜ್ಜಿ ಒಳ್ಳೆಯವಳು,” ಎಂದರು ಕೊನೆಗೆ. “ಯಾವ ಮಗುವಿಗೂ ಹೊಡೆಯಲಿಲ್ಲ. ಹೆಸರು ಬರೆದುಕೊಳ್ಳುತ್ತಿದ್ದಳು, ಅಷ್ಟೆ.”

ಫೆಲ್ಸಿಬಾಯಿಗೆ ಇಂಗ್ಲಿಷ್ ಚೆನ್ನಾಗಿ ಅರ್ಥವಾಗುತ್ತದೆ. ಗಂಟೆ ಮುಗಿದು ಎಲ್ಲರೂ ಪರಸ್ಪರ ಕೈ ಕುಲುಕುವಾಗ ಅವರು ಮಾತ್ರ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಕೂತಿದ್ದರು.

ಇಲ್ಲಿ ಶಾಲೆಗೆ ಶುಕ್ರವಾರ, ಶನಿವಾರ ರಜೆ. ಭಾನುವಾರ, ಅಂದರೆ ಇವತ್ತು, ನಡೆದದ್ದನ್ನು ಅವರೇ ಬಂದು ಹೇಳಿದರು. ಹಮದ್ ಟೌನಿನಲ್ಲಿ ಬಸ್ಸು ನಿಂತಿತು. ತಾಯಿಯ ಬುರ್ಖಾ ಹಿಡಿದು ನಿಂತಿದ್ದ ಜುವೈರಿಯಾ, ಫೆಲ್ಸಿಬಾಯಿಯ ಕೈಯಲ್ಲಿ ಕಾರ್ಡು ಕಂಡದ್ದೇ ತಾನಾಗಿ ಕೊರಳು ಚಾಚಿತು. ಫೆಲ್ಸಿಬಾಯಿ ಕೆಳಗಿಳಿದು ಕಾರ್ಡನ್ನು ತಮ್ಮ ಕೊರಳಿಗೇ ಹಾಕಿಕೊಂಡರು. ಬಸ್ಸಿನ ಮಕ್ಕಳೆಲ್ಲ ನೋಡುತ್ತಿದ್ದರು, ಡ್ರೈವರ್ ಕೂಡ; ಆಫೀಸಿಗೆ ಸುದ್ದಿ ಮುಟ್ಟಿಸಿದ್ದು ಅವನೇ.

“ಶಹೀದಾ, ನಾನು ಸುಳ್ಳು ಹೇಳಿದ್ದು. ಇದನ್ನು ಮಗುವಿಗೆ ಮೂರು ದಿನ ಹಾಕಿದ್ದು ನಾನೇ.”

ಆಮೇಲೆ ಮಗುವಿನ ಮುಂದೆ ಮಂಡಿಯೂರಿ ಕೂತು, ತಮಗೆ ಬರುವ ಅರ್ಧಂಬರ್ಧ ಬ್ಯಾರಿಯಲ್ಲಿ, ತಪ್ಪಾಯಿತು ಮಗಳೇ, ನೀನು ಮಾತಾಡು ಎಂದರು.

ಜುವೈರಿಯಾ ಬಸ್ಸಿನ ಕಡೆ ನೋಡಿತು. ಮರುಕ್ಷಣ ಪುಟ್ಟ ಅಂಗೈಯನ್ನು ಫೆಲ್ಸಿಬಾಯಿಯ ಬಾಯಿಗೆ ಅಡ್ಡ ಹಿಡಿದು, ಇಷ್ಟು ದಿನದ ಮೇಲೆ ಮೊದಲ ಸಲ, ಬ್ಯಾರಿಯಲ್ಲೇ ಪಿಸುಗುಟ್ಟಿತು:

“ಮಾತಾಡ್ಬೇಡಿ ಬಾಯಿ. ನಿಮ್ಮ ಹೆಸರು ಬರೀತಾರೆ.”