ಕಚ್ಚದ ನಾಯಿಗಳು

ಸಾಂತಾಕ್ರೂಜ್‌ನಲ್ಲಿದ್ದ ತಮ್ಮ ಸೋದರಮಾವನ ಹೋಟೆಲಿನ ಗಲ್ಲಾ ಬಿಟ್ಟು ಸಿನಿಮಾ ತೆಗೆಯಲು ಹೊರಟಾಗ ನನ್ನ ಗಂಡನಿಗೆ ನಲವತ್ತು ದಾಟಿತ್ತು. ಮುಚ್ಚಿದ ಕಾರ್ಖಾನೆಯ ವಿಷದ ನೀರು ಕುಡಿದು ಹುಚ್ಚೆದ್ದ ನಾಯಿಗಳು ಜನರನ್ನು ಬೇಟೆಯಾಡುವ ಕತೆ. ಭಾಂಡುಪ್‌ನ ಹಳೆಯ ಶೆಡ್ಡೊಂದರಲ್ಲಿ ಶೂಟಿಂಗ್. ಅಂದು ಅಲ್ಲಿ ಕೊನೆಯ ದಿನ. ಸಂಜೆಯೊಳಗೆ ಜಾಗ ಖಾಲಿ ಮಾಡಬೇಕಿತ್ತು.

ನಾಯಕಿ ಬರಲಿಲ್ಲ, ಫೋನೂ ಎತ್ತಲಿಲ್ಲ. ಅವಳ ಹಸಿರು ಕುರ್ತಾವನ್ನು ನನಗೆ ತೊಡಿಸಿದರು. ಹಿಂದಿನಿಂದ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದರು.

ನಾಯಿಗಳನ್ನು ತರಬೇತುದಾರನೊಬ್ಬ ಕರೆತಂದಿದ್ದ. ನಾನು ಓಡಿ ಬೀಳಬೇಕು, ದೊಡ್ಡ ನಾಯಿ ಕುತ್ತಿಗೆಗೆ ಬಾಯಿ ಹಾಕಬೇಕು. ಕುತ್ತಿಗೆಗೆ ಮಾಂಸದ ರಸ ಸವರಿದ್ದರು. ನಾಯಿ ಓಡಿ ಬಂತು, ಚೆನ್ನಾಗಿ ನೆಕ್ಕಿತು, ಬಾಲ ಅಲ್ಲಾಡಿಸುತ್ತ ನನ್ನ ಪಕ್ಕದಲ್ಲೇ ಮಲಗಿತು. ಮತ್ತೆ ತೆಗೆದರೂ ಅದೇ ಕತೆ. ಮೊದಮೊದಲು ಎಲ್ಲರೂ ನಕ್ಕರು. ಮಧ್ಯಾಹ್ನ ತಗಡಿನ ಮಾಡು ಕಾದಾಗ ಯಾರೂ ನಗಲಿಲ್ಲ.

ಗಂಡ ನನ್ನನ್ನು ಪಕ್ಕಕ್ಕೆ ಕರೆದರು. "ಇವತ್ತು ಆಗದಿದ್ರೆ ಮತ್ತೆ ಯಾವತ್ತೂ ಆಗುದಿಲ್ಲ. ನಿಂಗೆ ಗೊತ್ತುಂಟಲ್ಲ?" ಎಂದರು. ಗೊತ್ತಿತ್ತು. ಹೋಟೆಲಿಗೆ ಮರಳುವ ಮುಖ ಅವರಿಗಿರಲಿಲ್ಲ.

ಆಮೇಲೆ ಮೂಲೆಯಲ್ಲಿದ್ದ ಬಿದಿರಿನ ಕೋಲು ಹಿಡಿದು ನಾಯಿಯ ಬೆನ್ನಿಗೆ ಬಾರಿಸಿದರು. ಅದಕ್ಕೆ ಸಿಟ್ಟು ಬರಲಿ ಎಂದು. ಅದು ಗುರ್ರೆನ್ನಲೂ ಇಲ್ಲ. ತೆವಳುತ್ತ ಬಂದು ನನ್ನ ಹಿಂದೆ ಅಡಗಿತು, ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಅವರು ಮತ್ತೆ ಕೋಲೆತ್ತಿದಾಗ ನಾನು ಆ ಕೋಲನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

"ಬಿಡಿ ಮಾರ್ರೆ. ನಿಮ್ಮನ್ನು ನೋಡಿ ನಂಗೇ ಹೆದರಿಕೆ ಆಗ್ತಾ ಉಂಟು."

ಅವರು ಕೋಲು ಬಿಟ್ಟರು. ತರಬೇತುದಾರ ನಾಯಿಗಳನ್ನು ಟೆಂಪೋಕ್ಕೆ ಹತ್ತಿಸಿಕೊಂಡು ಹೊರಟುಹೋದ.

ಇನ್ನೂ ಸ್ವಲ್ಪ ಬೆಳಕಿತ್ತು. ಗಂಡ ಕ್ಯಾಮೆರಾದವನ ಕೈ ಹಿಡಿದು ಬೇಡಿಕೊಂಡರು. ಕಪ್ಪು ಕಂಬಳಿ ಹೊದ್ದು ತಾವೇ ನಾಲ್ಕು ಕಾಲಿನ ಮೇಲೆ ನನ್ನತ್ತ ನುಗ್ಗಿ ಬಂದರು. ಸಿಮೆಂಟು ನೆಲಕ್ಕೆ ಉಜ್ಜಿ ಅವರ ಮೊಣಕಾಲಿನ ಚರ್ಮ ಕಿತ್ತುಹೋಗಿತ್ತು. ಸರಿಯಾಗಲಿಲ್ಲವೆಂದು ಮತ್ತೆ ಮತ್ತೆ ಬಂದರು. ಕೊನೆಗೆ ನನ್ನ ಕುತ್ತಿಗೆಗೆ ಮುಖ ಒತ್ತಿದಾಗ ಕಂಬಳಿಯೊಳಗೆ ಬಿಕ್ಕುತ್ತಿರುವುದು ಕೇಳಿಸಿತು. ಕಣ್ಣು ಮುಚ್ಚಿಕೊಂಡು, ಅವರು ಹೇಳಿಕೊಟ್ಟಿದ್ದಂತೆಯೇ ಕಿರುಚಿದೆ.

ಸಿನಿಮಾವನ್ನು ಯಾರೂ ಕೊಳ್ಳಲಿಲ್ಲ. ಕೊನೆಗೆ ಅವರೇ ಇಂಟರ್ನೆಟ್ಟಿಗೆ ಹಾಕಿದರು. ಸೋದರಮಾವ ಏನೂ ಕೇಳದೆ ಗಲ್ಲಾವನ್ನು ಮತ್ತೆ ಇವರಿಗೆ ಬಿಟ್ಟುಕೊಟ್ಟರು. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಈಚೆಗೆ ಆ ದೃಶ್ಯ ನಗೆಯ ವಿಡಿಯೋ ಆಗಿ ಜನರ ಫೋನುಗಳಲ್ಲಿ ಸುತ್ತುತ್ತಿದೆ. ಮಗಳಿಗೆ ಕಾಲೇಜಿನಲ್ಲಿ ಯಾರೋ ತೋರಿಸಿದರಂತೆ. ಊಟಕ್ಕೆ ಕೂತಾಗ ಫೋನು ಮುಂದೆ ಹಿಡಿದು, "ಅಮ್ಮಾ, ಇದು ನೀನೇ ನಾ? ಔರ್ ಯೇ ಕಂಬಳಿ ಒಳಗೆ ಕೌನ್ ಹೈ?" ಎಂದಳು.

ನಾನು ಸಾರಿನ ಪಾತ್ರೆ ಎತ್ತಿಕೊಂಡೆ.

"ನಾನು," ಎಂದರು ಗಂಡ. ಮಗಳು ಫೋನು ಕೆಳಗಿಟ್ಟಳು. ಅವರು ಇನ್ನಷ್ಟು ಅನ್ನ ಬಡಿಸಿಕೊಂಡರು.