ಮೇರಾನೆಯ ಏರಿನಲ್ಲಿ ಇಳಿದದ್ದು

ಸೈಕಲ್ ಹತ್ತುವುದನ್ನು ಲೋಕವೆಲ್ಲ ಕಲಿಸುತ್ತದೆ. ಇಳಿಯುವುದನ್ನು ಕಲಿಸಿದ್ದು ಮಾತ್ರ ನಮ್ಮ ಧಾರವಾಡ. ಎದುರಿಗೆ ಮಾಸ್ತರರೋ ಓಣಿಯ ಹಿರಿಯರೋ ಕಂಡರೆ ಸಾಕು, ಟಣ್ಣನೆ ಕೆಳಗೆ ಹಾರಿ, ನಮಸ್ಕರಿಸಿ, ಅವರು ದಾಟಿದ ಮೇಲೆಯೇ ಮತ್ತೆ ಪೆಡಲು ತುಳಿಯಬೇಕು. ಈ ವಿನಯವೇ ಒಂದು ದಿನ ಜರ್ಮನಿಯಲ್ಲಿ ನನ್ನ ಮಾನ ಕಳೆದೀತೆಂದು ಯಾರು ಎಣಿಸಿದ್ದರು, ಹೇಳಿ!

ಮೇರಾನೆ ಎಂಬ ಹಳೆಯ ಊರಿನ ನಡುವೆ, ಜರ್ಮನ್ನರು 'ಕಡಿದಾದ ಗೋಡೆ' ಎಂದೇ ಕರೆಯುವ, ಸೈಕಲ್ ಪಂದ್ಯಗಳಿಂದ ಪ್ರಖ್ಯಾತವಾದ, ಕಲ್ಲು ಹಾಸಿದ ಏರೊಂದಿದೆ. ಜರ್ಮನಿಯಲ್ಲೇ ನೆಲೆಸಿ ಕಾರಿನ ಬ್ರೇಕುಗಳ ಲೆಕ್ಕ ಹಾಕಿ ಹೊಟ್ಟೆ ಹೊರೆಯುವ, ಅಂದರೆ ನಿಲ್ಲಿಸುವುದೇ ವೃತ್ತಿಯಾದ ನಾನು, ರಜೆಗೆಂದು ಅಲ್ಲಿಗೆ ಹೋದವನು ಮಗಳೊಂದಿಗೆ ಪಣ ಕಟ್ಟಿದೆ. ಹನ್ನೆರಡು ವರ್ಷದ ಅನಘಾ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜರ್ಮನಿನಲ್ಲೇ ಉತ್ತರ ಕೊಡುವ ಮಹಾರಾಯಿತಿ. ಕಾಲು ನೆಲಕ್ಕೂರದೆ ನಾನು ತುದಿ ಮುಟ್ಟಿದರೆ, ಅವಳು ಒಂದು ತಿಂಗಳು ನನ್ನೊಡನೆ ಕನ್ನಡವನ್ನೇ ಆಡಬೇಕು. ಆ ಒಂದು ತಿಂಗಳು ನನಗೆ ಬೇಕೇ ಬೇಕಿತ್ತು.

"ಏನ್ರೀ, ಮಣಕಾಲು ಮೊದಲ ಕಟಕಟ ಅಂತಾವು, ಸುಮ್ಮ ದಬ್ಬಿಕೊಂಡ ಹೋಗ್ರಿ," ಎಂದು ಹೆಂಡತಿ ಕೆಳಗೇ ಕುಳಿತಳು. ಮಗಳು ತೀರ್ಪುಗಾರ್ತಿಯಾಗಿ ಪಕ್ಕದಲ್ಲಿ ನಡೆದು ಬಂದಳು.

ಒಂದೊಂದು ಕಲ್ಲೂ ನನ್ನ ಹಲ್ಲುಗಳನ್ನು ಎಣಿಸಿ ಬಿಟ್ಟಿತು. ಬೆಳಗಿನ ಉಪ್ಪಿಟ್ಟು ಗಂಟಲವರೆಗೆ ಬಂದು ವಿಚಾರಿಸಿಕೊಂಡು ಹೋಯಿತು. ಆದರೂ ಮುಕ್ಕಾಲು ಏರು ಮುಗಿದಿತ್ತು. ಆಗ ನೋಡಿ, ಮನೆಯ ಬಾಗಿಲಲ್ಲಿ ಬಿಳಿಮೀಸೆಯ, ಊರುಗೋಲಿನ ವೃದ್ಧರೊಬ್ಬರು "ಹೊಪ್! ಹೊಪ್!" ಎಂದು ಹುರಿದುಂಬಿಸುತ್ತ ರಸ್ತೆಯಂಚಿಗೆ ಬಂದರು. ಥೇಟ್ ನಮ್ಮ ಲೆಕ್ಕದ ಮಾಸ್ತರು! ಬುದ್ಧಿ ಬೇಡವೆನ್ನುವಷ್ಟರಲ್ಲಿ ಕಾಲು ಇಳಿದಿತ್ತು, ಕೈ ಮುಗಿದಿತ್ತು. ಪಾಪ, ಅವರ ಮುಖ ಸಪ್ಪಗಾಯಿತು. ಉಸಿರು ತೀರಿದ್ದೂ ನಿಜ, ಸುಳ್ಳೇಕೆ. ಆದರೆ ಇಳಿದದ್ದು ಅಭ್ಯಾಸಬಲದಿಂದಲೇ.

ಏದುಸಿರಿನಲ್ಲಿ ಧಾರವಾಡದ ಶಿಷ್ಟಾಚಾರವನ್ನೆಲ್ಲ ಮಗಳಿಗೆ ವಿವರಿಸಿದೆ. "ಔಸ್‌ರೇಡೆ!" ಎಂದಳು. ಬರೀ ನೆಪ, ಎಂದರ್ಥ. ತೀರ್ಪು ಮುಗಿಯಿತು. ತಿಂಗಳ ಕನ್ನಡ ಕೈತಪ್ಪಿತಲ್ಲಾ ಎಂದು ನಿಜಕ್ಕೂ ಸಂಕಟವಾಯಿತು. ಅವಳು ತನ್ನ ಸೈಕಲ್ ತರಲು ಕೆಳಗೋಡಿದಳು. ನಾನು ನನ್ನದನ್ನು ದಬ್ಬಿಕೊಂಡು ತುದಿಗೆ ಹೋಗಿ ನಿಂತೆ.

ಎಲ್ಲಿಯೂ ನಿಲ್ಲದೆ, ಒಂದೇ ಉಸಿರಿಗೆ ಹತ್ತಿ ಬಂದಳು. ತುದಿಗೆ ಇನ್ನು ಎರಡೇ ಮಾರು. ನನ್ನೆದುರು ಬಂದವಳೇ ಟಣ್ಣನೆ ಇಳಿದುಬಿಟ್ಟಳು.

"ಯಾಕವ್ವಾ, ಇನ್ನೇನ ಮುಗದಿತ್ತಲ್ಲ!"

"ಹಿರಿಯಾರು ನಿಂತಿದ್ರಲ್ಲ ಪಪ್ಪಾ," ಎಂದು ಕನ್ನಡದಲ್ಲೇ ಹೇಳಿ ಕೈಮುಗಿದಳು, "ಅದಕ್ಕ ಇಳದೆ."

ಹಿರಿಯರು ದಾಟುವ ತನಕ ಕಿರಿಯರು ಸೈಕಲ್ ಹತ್ತುವಂತಿಲ್ಲ. ನಾನು ಬಹಳ ಹೊತ್ತು ದಾಟಲಿಲ್ಲ.